ಅತ್ತೆಯ ಕಾಲಡಿಯ ಮೌಸ್

ಅತ್ತೆಯ ಬೆರಳು ಒಂದು ಕ್ಲಿಕ್ ಮಾಡಲು ಎಷ್ಟು ಸಲ ಹೆಣಗುತ್ತದೆ ಎಂದು ನಾನು ಮೊದಲು ಎಣಿಸಿದ್ದು ಒಂದು ಸೋಮವಾರ. ಅರ್ಧ ಗಂಟೆಯಲ್ಲಿ ಬೇಕಾಗಿದ್ದ ಕ್ಲಿಕ್ ನಲವತ್ತೊಂದು, ಒತ್ತಿದ್ದು ನೂರಾ ಮೂರು ಸಲ, ಬೈದಿದ್ದು ಹದಿನೇಳು ಸಲ. ಬೈಗುಳದಲ್ಲಿ ಹನ್ನೆರಡು ಮೌಸಿಗೆ, ನಾಲ್ಕು ಮಾಮನಿಗೆ, ಒಂದು ನನಗೆ. ನನಗೆ ಸಿಕ್ಕಿದ್ದು ಎಣಿಸುತ್ತಿದ್ದುದಕ್ಕೆ.

ಅತ್ತೆ ಎಂದರೆ ನನ್ನಪ್ಪನ ಅಕ್ಕ. ನ್ಯಾಮತಿಯಲ್ಲಿ, ಸೂರಗೊಂಡನಕೊಪ್ಪಕ್ಕೆ ಹೋಗುವ ಆಟೋಗಳು ನಿಲ್ಲುವ ಜಾಗದ ಎದುರಿಗೆ ಅವಳ ಅಂಗಡಿ. ಮುಂದುಗಡೆ ಜೆರಾಕ್ಸ್ ಮಿಷಿನ್, ಹಿಂದುಗಡೆ ಕಂಪ್ಯೂಟರ್, ಅದರ ಮುಂದೆ ಅತ್ತೆಯ ತಿರುಗುವ ಕುರ್ಚಿ. ಅರ್ಜಿ ತುಂಬುವುದು, ಫೋಟೊ ಪ್ರಿಂಟ್ ಹಾಕುವುದು ಎಲ್ಲ ಇದ್ದರೂ ಅವಳಿಗೆ ಹೆಸರು ತಂದದ್ದು ಲಗ್ನಪತ್ರಿಕೆ. ಯಾರ ಹೆಸರು ಯಾರ ಮೇಲೆ ಬರಬೇಕು, ಯಾರ ಹೆಸರು ಯಾರ ಪಕ್ಕದಲ್ಲಿ ಬಂದರೆ ಮದುವೆ ದಿನ ಮುಖ ತಿರುಗಿಸುತ್ತಾರೆ ಎನ್ನುವುದನ್ನೆಲ್ಲ ಎರಡು ಪ್ರಶ್ನೆ ಕೇಳಿ ತಿಳಿದುಕೊಳ್ಳುತ್ತಿದ್ದಳು.

ಎರಡು ವರ್ಷದಿಂದ ಅವಳ ಎರಡೂ ಕೈಗಳ ಬೆರಳಿನ ಗೆಣ್ಣುಗಳು ಸಂಧಿವಾತದಿಂದ ಊದಿಕೊಂಡಿದ್ದವು. ಟೈಪ್ ಮಾಡಲು ಅವಳೇ ಒಂದು ಉಪಾಯ ಕಂಡುಕೊಂಡಿದ್ದಳು: ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು, ಅದರ ರಬ್ಬರಿನ ತುದಿಯಿಂದ ಕೀಲಿಗಳನ್ನು ಕುಟ್ಟುವುದು. ಮೌಸನ್ನು ಅಂಗೈಯಿಂದ ತಳ್ಳುವುದೂ ಆಗುತ್ತಿತ್ತು. ಆಗದಿದ್ದುದು ತೋರುಬೆರಳಿನಿಂದ ಒತ್ತುವುದು. ಅದಕ್ಕಿಂತ ಹೆಚ್ಚಾಗಿ, ಒತ್ತಿ ಹಿಡಿದುಕೊಂಡು ಎಳೆಯುವುದು. ಲಗ್ನಪತ್ರಿಕೆಯಲ್ಲಿ ದೇವರ ಚಿತ್ರ, ಹೂವಿನ ಅಂಚು, ವಧೂವರರ ಹೆಸರು, ಎಲ್ಲವನ್ನೂ ಎಳೆದು ತಂದೇ ಕೂರಿಸಬೇಕು.

ಆ ಸೋಮವಾರ ಮಧ್ಯಾಹ್ನ ಮಾಮ ಹೊಲದಿಂದ ಟ್ರ್ಯಾಕ್ಟರ್ ತಂದು ಅಂಗಡಿ ಮುಂದೆ ನಿಲ್ಲಿಸಿ ಒಳಗೆ ಬಂದ. ಮಾಮ ಅಂದರೆ ಅತ್ತೆಯ ಗಂಡ. ಅವನು ಹೊನ್ನಾಳಿಯಲ್ಲಿ ಒಬ್ಬ ಆಪರೇಟರನ್ನು ನೋಡಿಟ್ಟಿದ್ದ.

"ಅವ್ನು ಬಂದ್ರೆ ನೀನು ಪಕ್ಕದಾಗೆ ಕುಂತು ಹೇಳಿದ್ರಾತು. ಅವ್ನು ಮಾಡ್ತಾನೆ. ಇನ್ನೆಷ್ಟು ದಿನ ಆ ಕೈ ನೋಯಿಸ್ಕಂತೀಯ?"

"ಪಕ್ಕದಾಗೆ ಕುಂತು ಹೇಳಾಕೆ ಅಂತ್ಲೇ ನಿಮ್ಮನ್ನ ಮದುವೆ ಆಗೀನಲ್ಲ, ಒಬ್ರು ಸಾಕಾಗಲ್ವೇನ್ರಿ?" ಅಂದಳು ಅತ್ತೆ.

ಮಾಮ ನಗಲಿಲ್ಲ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಅತ್ತೆ ಸಂಜೆ ಚಪಾತಿ ಹಿಟ್ಟಿನ ಪಾತ್ರೆ ಎತ್ತಲಾಗದೆ ನಿಲ್ಲುವುದನ್ನು ನೋಡುತ್ತಿದ್ದವನು ಅವನೇ. ಕೊನೆಗೆ ಅತ್ತೆಯೇ ಒಂದು ಒಪ್ಪಂದ ಮುಂದಿಟ್ಟಳು.

"ಇಪ್ಪತ್ತು ದಿನ ಟೈಮ್ ಕೊಡ್ರಿ. ಅಷ್ಟ್ರಾಗೆ ಒಂದು ಲಗ್ನಪತ್ರಿಕೆ ಮೊದ್ಲಿಂದ ಕೊನೆ ತನ್ಕ ನಾನೊಬ್ಳೇ ಮಾಡ್ತೀನಿ. ಯಾರೂ ಕೈ ಹಾಕಂಗಿಲ್ಲ. ಆಗ್ಲಿಲ್ಲ ಅಂದ್ರೆ ಅವ್ನು ಬರ್ಲಿ. ಈ ಕುರ್ಚಿ ಅವ್ನಿಗೇ."

ಮಾಮ ಒಪ್ಪಿದ. ನಾನು ದಿನಚರಿಯಲ್ಲಿ 'ದಿನ ಒಂದು' ಎಂದು ಬರೆದು ಅಡಿಗೆರೆ ಎಳೆದೆ.

ನಾನು ಅಲ್ಲಿ ಏಕೆ ಇದ್ದೆ ಎಂದರೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಜಗಳೂರಿನ ಮನೆಯಲ್ಲಿ ಕೂತು ಗೋಡೆಯ ಹಲ್ಲಿಗಳು ದಿನದ ಯಾವ ಹೊತ್ತಿನಲ್ಲಿ ಎಷ್ಟು ಕಾಣಿಸಿಕೊಳ್ಳುತ್ತವೆ ಎಂದು ಬರೆದಿಡುತ್ತಿದ್ದೆ. ಅಮ್ಮ ಆ ಪುಟ ನೋಡಿದ ಮಾರನೆಯ ದಿನವೇ ನನ್ನನ್ನು ನ್ಯಾಮತಿ ಬಸ್ಸಿಗೆ ಹತ್ತಿಸಿದ್ದಳು.

ಅಂಗವಿಕಲರಿಗೆಂದೇ ಮಾಡಿದ ಮೌಸ್‌ಗಳು ಪೇಟೆಯಲ್ಲಿ ಸಿಗುತ್ತವೆ. ಅವುಗಳ ಬೆಲೆಯನ್ನು ಅತ್ತೆಗೆ ಮೊಬೈಲಿನಲ್ಲಿ ತೋರಿಸಿದೆ. ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ಇದ್ರಾಗೆ ಟ್ರ್ಯಾಕ್ಟರ್ ಸೇರೈತೇನು?" ಎಂದು ಕೇಳಿದಳು. ಹಾಗಾಗಿ ನಾನೇ ಮಾಡುವುದೆಂದು ತೀರ್ಮಾನವಾಯಿತು. ಕೆಟ್ಟ ಮೌಸಿನ ಒಳಗಿನ ಕ್ಲಿಕ್ ಗುಂಡಿಗೆ ಎರಡು ವೈರ್ ಬೆಸೆದು ಹೊರಗೆ ತಂದರೆ, ಆ ವೈರ್‌ಗಳು ಎಲ್ಲಿ ಒಂದಕ್ಕೊಂದು ತಾಗಿದರೂ ಕಂಪ್ಯೂಟರಿಗೆ ಅದು ಕ್ಲಿಕ್ಕೇ. ತಾಗಿಸುವ ದೊಡ್ಡ ಗುಂಡಿಯನ್ನು ಯಾವುದರಿಂದ ಬೇಕಾದರೂ ಕಟ್ಟಬಹುದು. ನನ್ನ ಹತ್ತಿರ ಆಟದ ಇಟ್ಟಿಗೆಗಳಿದ್ದವು.

ಒಂದರ ಮೇಲೊಂದು ಕಚ್ಚಿಸಿ ಮನೆ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳು. ಆರನೇ ಕ್ಲಾಸಿನಲ್ಲೇ ಎಣಿಸಿ ಬರೆದಿಟ್ಟಿದ್ದೆ: ಇನ್ನೂರಾ ಹದಿನಾಲ್ಕು. ಮೂರನೆಯ ದಿನ ಅವನ್ನು ತರಲು ಜಗಳೂರಿಗೆ ಹೋದರೆ, ತುಂಬಿಟ್ಟಿದ್ದ ಬಕೆಟಿನಲ್ಲಿ ಒಂದೂ ಇರಲಿಲ್ಲ. ಅದರಲ್ಲಿ ಈರುಳ್ಳಿ ಇತ್ತು.

"ಎಲ್ಲಿ ಹೋಗ್ತಾವೆ, ಮನೆಯಾಗೇ ಅದಾವೆ," ಅಂದಳು ಅಮ್ಮ. ನಿಜವಾಗಿಯೂ ಮನೆಯಲ್ಲೇ ಇದ್ದವು. ಮಂಚದ ಕುಂಟುಕಾಲಿನ ಕೆಳಗೆ ನಾಲ್ಕು. ಗ್ರೈಂಡರ್ ಅಲುಗದಂತೆ ಆರು. ಗಾಳಿಗೆ ಬಡಿಯುವ ಕಿಟಕಿಗೆ ಎರಡು. ದೇವರ ಗೂಡಿನಲ್ಲಿ ದೀಪ ಎತ್ತರಕ್ಕೆ ಬರಲೆಂದು ಹಳದಿಯವು ಎಂಟು. ಪಕ್ಕದ ಮನೆಯವರ ಕುರಿ ಕೂಡಿಹಾಕುವ ಜಾಗದ ಬಾಗಿಲಿನ ಸಂದಿಗೆ ಒಂದು ಕೆಂಪು ಇಟ್ಟಿಗೆ ಹೋಗಿತ್ತು. ಅದನ್ನೂ ಕೇಳಿ ತಂದೆ. ಹತ್ತು ನಿಮಿಷದ ಮೇಲೆ ಹನ್ನೊಂದು ಕುರಿಗಳು ನಮ್ಮ ಅಂಗಳದಲ್ಲಿ ನಿಂತಿದ್ದವು. ಇಟ್ಟಿಗೆ ವಾಪಸ್ ಕೊಟ್ಟೆ. ಒಟ್ಟು ಸಿಕ್ಕಿದ್ದು ನೂರಾ ಎಂಬತ್ತಾರು. ಬಸ್ ಹತ್ತುವಾಗ ಅಪ್ಪ ಫೋನ್ ಮಾಡಿ, ಮಂಚ ಈಗ ದೋಣಿಯ ಹಾಗೆ ಆಡುತ್ತಿದೆ ಎಂದು ತಿಳಿಸಿದರು.

ಬರುವ ದಾರಿಯಲ್ಲಿ ಹೊನ್ನಾಳಿಯಲ್ಲಿ ಇಳಿದು, ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಟ್ಟ ಮೌಸ್‌ಗಳನ್ನು ಕೇಳಿದೆ. ಆ ಅಂಗಡಿಯವರು ಒಂದು ಅಕ್ಕಿ ಚೀಲ ತೋರಿಸಿ, "ಎಲ್ಲಾ ತಗಂಡ್ಹೋಗಮ್ಮ, ಜಾಗ ಆಗ್ತೈತೆ," ಅಂದರು. ಒಳಗೆ ಮೂವತ್ತೆರಡು ಮೌಸ್, ಮೂರು ಕೀಬೋರ್ಡ್, ಒಂದು ಕ್ಯಾಲ್ಕುಲೇಟರ್, ಅರ್ಧ ಪೊಟ್ಟಣ ಖಾರಾ. ಖಾರಾ ಒಳಗೆ ಹೇಗೆ ಬಂತೆಂದು ಅವರಿಗೂ ಗೊತ್ತಿರಲಿಲ್ಲ.

ಮೊದಲ ಸಾಧನ ಸಿದ್ಧವಾದದ್ದು ಏಳನೆಯ ದಿನ, ಭಾನುವಾರ. ಮೇಜಿನ ಮೇಲಿಟ್ಟು ಮುಷ್ಟಿಯಿಂದ ಒತ್ತುವ ದೊಡ್ಡ ಗುಂಡಿ. ಇಟ್ಟಿಗೆಯ ಡಬ್ಬಿ, ಇಟ್ಟಿಗೆಯ ಮುಚ್ಚಳ, ನಡುವೆ ಮಾಮನ ನಾಲ್ಕು ಪೆನ್ನುಗಳಿಂದ ತೆಗೆದ ಸ್ಪ್ರಿಂಗ್, ಹಳೆಯ ಟಾರ್ಚಿನಿಂದ ಬಿಚ್ಚಿದ ಎರಡು ಹಿತ್ತಾಳೆ ಪಟ್ಟಿ. ನಾನು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಚೆನ್ನಾಗಿ ಕೆಲಸ ಮಾಡಿತು. ಅತ್ತೆ ಒತ್ತಲಿಲ್ಲ. ಬೆಳ್ಳುಳ್ಳಿ ಜಜ್ಜುವ ಹಾಗೆ ಗುದ್ದಿದಳು.

ಅರವತ್ತು ಗುದ್ದಿಗೆ ಒಂಬತ್ತು ಸಲ ಕಟ್ಟಡ ಸಿಡಿಯಿತು. ಇಟ್ಟಿಗೆಗಳು ಬಿದ್ದ ಜಾಗ: ಜೆರಾಕ್ಸ್ ಮಿಷಿನ್ ಒಳಗೆ ಎರಡು, ರಸ್ತೆಗೆ ಒಂದು, ಪಹಣಿ ಜೆರಾಕ್ಸಿಗೆ ಬಂದಿದ್ದ ಒಬ್ಬರ ಚಹಾದ ಲೋಟಕ್ಕೆ ಒಂದು. ಅವರು ಅದನ್ನು ತೆಗೆದು ನೋಡಿ, "ಸಕ್ರೆ ಕರಗಿಲ್ಲ ನೋಡ್ರಿ," ಎಂದು ಮೇಜಿನ ಮೇಲಿಟ್ಟು ಉಳಿದ ಚಹಾ ಕುಡಿದರು.

ಗೋಂದು ಹಾಕಿ ಗಟ್ಟಿ ಮಾಡಬಹುದಿತ್ತು. ತೊಂದರೆ ಬೇರೆಯದೇ ಇತ್ತು. ಒಂದು ಕೈ ಮೌಸ್ ತಳ್ಳುವುದಕ್ಕೆ, ಇನ್ನೊಂದು ಗುಂಡಿ ಗುದ್ದುವುದಕ್ಕೆ. ಪೆನ್ಸಿಲ್ ಹಿಡಿಯುವುದಕ್ಕೆ ಮೂರನೆಯ ಕೈ ಬೇಕಿತ್ತು.

ಆಗ ಕಣ್ಣಿಗೆ ಬಿದ್ದದ್ದು ಅತ್ತೆಯ ಕಾಲು. ಏನನ್ನಾದರೂ ಯೋಚಿಸುವಾಗ ಅವಳ ಬಲಪಾದ ಮೇಜಿನ ಕೆಳಗೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಈ ಅಂಗಡಿ ಇಡುವ ಮುಂಚೆ ಅವಳು ವರ್ಷಗಟ್ಟಲೆ ಹೊಲಿಗೆ ಮಿಷಿನ್ ತುಳಿದವಳು. ಒಂದು ಹೊಲಿಗೆ ಸಾಕೆಂದರೆ ಒಂದೇ ಹೊಲಿಗೆ ಹಾಕಿ ನಿಲ್ಲಿಸಬಲ್ಲ ಕಾಲು ಅದು.

ಎರಡನೆಯ ಸಾಧನ, ಕಾಲಲ್ಲಿ ಒತ್ತುವ ಪೆಡಲ್. ಅದಕ್ಕೆ ತಳವಾಗಿ ಕೆಟ್ಟ ಕೀಬೋರ್ಡಿನ ಬೆನ್ನನ್ನು ಕತ್ತರಿಸಿ ಹಾಕಿದೆ. ಅದರ ಮೇಲೆ ಇಟ್ಟಿಗೆಗಳ ಗೋಡೆ, ಒಂದು ಬದಿಗೆ ಕೀಲು, ಅದೇ ಹಿತ್ತಾಳೆ ಪಟ್ಟಿಗಳು. ಈ ಸಲ ಎಲ್ಲಕ್ಕೂ ಗೋಂದು. ಪಾದ ಜಾರದಂತೆ ಮೇಲೆ ರಬ್ಬರ್ ಬೇಕಿತ್ತು. ಮಾಮನ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಅಳತೆಗೆ ಕತ್ತರಿಸಿ, ಮೇಲೆ ನೀಲಿ ಬಣ್ಣ ಬಳಿದು ಅಂಟಿಸಿದೆ. ಅದು ಚಪ್ಪಲಿ ಎಂದು ಯಾರಿಗೂ ಹೇಳಲಿಲ್ಲ. ದಿನಚರಿಯಲ್ಲೂ 'ರಬ್ಬರ್, ಒಂದು ತುಂಡು' ಎಂದಷ್ಟೇ ಬರೆದೆ.

ಹನ್ನೊಂದನೆಯ ದಿನ ಅತ್ತೆ ಕಾಲಿಟ್ಟಳು. ಮೊದಲ ಕ್ಲಿಕ್ಕಿಗೇ ಫೈಲ್ ತೆರೆಯಿತು. ಪಾದ ಒತ್ತಿ ಹಿಡಿದು ಒಂದು ಹೂವಿನ ಅಂಚನ್ನು ಪುಟದ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗಿ ಇಟ್ಟಳು. ಎರಡು ವರ್ಷದಲ್ಲಿ ಅವಳು ಒಂದೇ ಸಲಕ್ಕೆ ಹಾಗೆ ಎಳೆದಿದ್ದು ಅದೇ ಮೊದಲು. ನಾನು ಚಪ್ಪಾಳೆ ತಟ್ಟಲು ಕೈ ಎತ್ತುವಷ್ಟರಲ್ಲಿ ಅವಳು ಮುಂದೆ ಬಾಗಿ, ಬಲಗೈಯಿಂದ ಕಂಪ್ಯೂಟರ್ ಪರದೆ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಏನತ್ತೆ?"

"ಅಕ್ಷರಕ್ಕೆ ಕಾಲು ತಾಗಿದ್ರೆ ಏನ್ ಮಾಡ್ತಾರೆ? ನಿಮ್ಮವ್ವ ಹೇಳಿಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದಳು. ಪುಸ್ತಕಕ್ಕೆ ಕಾಲು ತಾಗಿದರೆ ನಾನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಆದರೆ ಸಾಧನ ತಯಾರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ದಿನ ಕ್ಲಿಕ್ ಇಪ್ಪತ್ತಾರು, ನಮಸ್ಕಾರ ಇಪ್ಪತ್ತಾರು. ಕೆಲಸ ಮೊದಲಿಗಿಂತ ನಿಧಾನವಾಯಿತು.

ಮಾತುಕತೆ ಎರಡು ದಿನ ನಡೆಯಿತು. ನಾನು ಪುಟಕ್ಕೊಂದು ನಮಸ್ಕಾರ ಸಾಕೆಂದೆ. ಅತ್ತೆ ಸಾಲಿಗೊಂದಕ್ಕೆ ಇಳಿದಳು, ಅಲ್ಲಿಂದ ಕೆಳಗೆ ಬರಲಿಲ್ಲ. ಕೊನೆಗೆ ಅವಳಿಗೇ ಒಂದು ದಾರಿ ಹೊಳೆಯಿತು. ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಪರದೆಯ ಮುಂದೆ ನಿಂತು, ಇಡೀ ದಿನದ್ದನ್ನು ಮುಂಗಡವಾಗಿ, ಒಂದೇ ದೊಡ್ಡ ನಮಸ್ಕಾರದಲ್ಲಿ ಮುಗಿಸುವುದು. ಹದಿನಾಲ್ಕನೆಯ ದಿನ ಕ್ಲಿಕ್ ಮುನ್ನೂರಾ ಹನ್ನೆರಡು, ನಮಸ್ಕಾರ ಒಂದು.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಲಗ್ನಪತ್ರಿಕೆಯ ನೆತ್ತಿಯಲ್ಲಿ ಮನೆದೇವರ ಹೆಸರು ಬರುತ್ತದೆ. ಅದನ್ನು ಕಾಲಿನಿಂದ ಎಳೆದು ಕೂರಿಸಲು ಅತ್ತೆ ಸುತಾರಾಂ ಒಪ್ಪಲಿಲ್ಲ.

"ಅದೊಂದನ್ನ ನಾನು ಕೈಯಲ್ಲಿ ಮಾಡಿಕೊಡ್ತೀನಿ," ಅಂದೆ.

"ಆಗ ನಾನೊಬ್ಳೇ ಮಾಡಿದಂಗೆ ಆಗ್ತೈತಾ? ನಿಮ್ಮ ಮಾಮ ಬಿಡ್ತಾರಾ?"

"ಹಳೇ ಫೈಲಲ್ಲಿ ದೇವರ ಹೆಸರು ಕೂತಿರುತ್ತಲ್ಲ, ಅದನ್ನೇ ಇಟ್ಟುಕೊಂಡು ಕೆಳಗಿನದು ಬದಲಾಯಿಸಿದರೆ?"

ಅತ್ತೆ ಯೋಚಿಸಿ, ಆಗಬಹುದೆಂದಳು. ಬರುವ ಗಿರಾಕಿಯ ಮನೆದೇವರು ಹಳೆಯ ಫೈಲುಗಳಲ್ಲಿ ಇರಲಿ ಎಂದು ಇಬ್ಬರೂ ಕಾಯತೊಡಗಿದೆವು. ಗಿರಾಕಿ ಬರದೆಯೇ ಹದಿನೈದು, ಹದಿನಾರು, ಹದಿನೇಳನೆಯ ದಿನಗಳು ಕಳೆದವು. ಮಾಮ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಕುರ್ಚಿಯ ಪಕ್ಕದಲ್ಲಿಟ್ಟ. ಅತ್ತೆ ಅದನ್ನು ನೋಡಿದಳು. ಮೇಲೆ ಜೆರಾಕ್ಸ್ ಹಾಳೆಯ ಬಂಡಲ್ ಇಟ್ಟಳು.

ಹದಿನೆಂಟನೆಯ ದಿನ, ಗುರುವಾರ ಬೆಳಗ್ಗೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಿಂದ ಅಡಿಕೆ ವ್ಯಾಪಾರಿಯೊಬ್ಬರು ವಯಸ್ಸಾದ ತಾಯಿಯ ಜೊತೆ ಬಂದರು. ವ್ಯಾಪಾರಿಯ ಕಿರಿಯ ಮಗಳ ಮದುವೆ. ಹಿರಿಯ ಮಗಳ ಪತ್ರಿಕೆಯನ್ನೂ ಅತ್ತೆಯೇ ಮಾಡಿದ್ದಳಂತೆ, ಒಬ್ಬ ನೆಂಟನೂ ಮುನಿಸಿಕೊಂಡಿರಲಿಲ್ಲವಂತೆ. ಅದಕ್ಕೇ ಅಷ್ಟು ದೂರದಿಂದ ಬಂದಿದ್ದರು. ಅಜ್ಜಿ ಸ್ಟೂಲಿನ ಮೇಲಿನ ಬಂಡಲನ್ನು ನನ್ನ ಕೈಗೆ ಕೊಟ್ಟು, ಸ್ಟೂಲಿನಲ್ಲಿ ಕೂತು, ಎಲೆ ಅಡಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡರು.

"ನಿಮ್ಮ ಮನೆದೇವ್ರು ಯಾವುದ್ರಿ?" ಅತ್ತೆ ಕೇಳಿದ ರೀತಿಗೆ ನನ್ನ ಪೆನ್ನು ಹಾಳೆಯ ಮೇಲೆ ನಿಂತಿತು.

"ವೀರಭದ್ರ," ಅಂದರು ವ್ಯಾಪಾರಿ.

ಹಿರಿಯ ಮಗಳ ಪತ್ರಿಕೆಯ ಫೈಲ್ ಹಳೆಯ ಕಂಪ್ಯೂಟರಿನ ಜೊತೆಗೇ ಹೋಗಿತ್ತು. ಈಗಿರುವ ಫೈಲುಗಳಲ್ಲಿ ವೀರಭದ್ರ ಇರಲಿಲ್ಲ. ನಾನು ಆಗಲೇ ಪಟ್ಟಿ ಮಾಡಿ ನೋಡಿದ್ದೆ.

ಅತ್ತೆ ಪೆನ್ಸಿಲ್ ಎತ್ತಿಕೊಂಡಳು. ಅಷ್ಟರಲ್ಲಿ ಮಾಮನೂ ಬಂದು, ಟ್ರ್ಯಾಕ್ಟರ್ ಕೀಲಿ ತಿರುಗಿಸುತ್ತ ಬಾಗಿಲಿಗೆ ಒರಗಿ ನಿಂತ. ಮೊದಲ ಒಂದು ಗಂಟೆ ಅತ್ತೆ ಹಳೆಯ ಅತ್ತೆಯೇ ಆಗಿದ್ದಳು. ಪೆನ್ಸಿಲ್ ಟಕಟಕ ಕುಟ್ಟಿತು. ಮೇಜಿನ ಕೆಳಗೆ, ಸೀರೆಯ ನೆರಿಗೆಯ ಮರೆಯಲ್ಲಿ, ಪಾದ ತನ್ನ ಕೆಲಸ ಮಾಡಿತು. ಅಂಚು ಬಂತು, ಮುಹೂರ್ತ ಬಂತು, ವಧೂವರರು ಎದುರುಬದುರು ಕೂತರು. ಕೆಳಗೆ ಸುಖಾಗಮನ ಬಯಸುವವರ ಹೆಸರುಗಳು ಶುರುವಾದವು.

"ಎರಡನೇ ಮಗನ್ನ ಮ್ಯಾಲೆ ಹಾಕಬ್ಯಾಡ, ಕೆಳಗೆ ಹಾಕು," ಅಂದರು ಅಜ್ಜಿ.

"ಯವ್ವಾ, ಅವ್ನು ನನಗಿಂತ ದೊಡ್ಡೋನು!" ಅಂದರು ವ್ಯಾಪಾರಿ.

"ದೊಡ್ಡೋನೇ. ಹೋದ ಮದುವೆಯಾಗೆ ಪಾಯ್ಸ ತೆಳ್ಳಗೈತೆ ಅಂತ ಪಂಕ್ತಿಯಾಗೇ ಕೂಗಿದ್ದ. ಒಂದು ಸಾಲು ಕೆಳಗೆ ಇರ್ಲಿ, ಗೊತ್ತಾಗ್ತೈತೆ."

ಅತ್ತೆ ಅವರನ್ನು ಕೆಳಗೂ ಅಲ್ಲ, ಮೇಲೂ ಅಲ್ಲದಂತೆ, ತಮ್ಮನ ಪಕ್ಕದಲ್ಲೇ ಒಂದೇ ಸಾಲಿನಲ್ಲಿ ಇಟ್ಟಳು. ಅಜ್ಜಿ ನೋಡಿ, ಬಾಯಲ್ಲಿದ್ದ ಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿ, "ಆತು ಬಿಡು," ಅಂದರು. ಆಮೇಲೆ ಪರದೆಯ ಮೇಲ್ತುದಿಗೆ ಬೆರಳು ತೋರಿಸಿದರು. "ಎಲ್ಲಾ ಬಂದ್ರು. ದೇವ್ರೆಲ್ಲಿ?"

"ಕೊನೆಗೆ ಹಾಕ್ತೀನಮ್ಮಾ."

"ದೇವ್ರನ್ನ ಯಾರಾದ್ರೂ ಕೊನೆಗೆ ಕರೀತಾರೇನೆ?"

ಅತ್ತೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದು ಟೈಪ್ ಮಾಡಿದಳು. ಸಾಲು ಪುಟದ ನಡುವೆ ಬಂದು ನಿಂತಿತು. ಅದನ್ನು ಮೇಲಕ್ಕೆ ಎಳೆದು ಕೂರಿಸಬೇಕು, ಅಷ್ಟೇ ಬಾಕಿ. ಅವಳು ಮೊದಲು ಮೌಸಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು. ನಾಲ್ಕು ಸಲ. ನಾಲ್ಕನೆಯ ಸಲಕ್ಕೆ ಅವಳ ಕೆಳತುಟಿ ಹಲ್ಲಿನ ನಡುವೆ ಹೋಯಿತು. ಆಮೇಲೆ ಬೆರಳು ತೆಗೆದಳು. ನೆರಿಗೆಯ ಕೆಳಗೆ ಪಾದ ಇಳಿಯಿತು.

ಅದೇ ಹೊತ್ತಿಗೆ ಅಜ್ಜಿಯ ಎಲೆ ಅಡಿಕೆಯ ಚೀಲ ತೊಡೆಯಿಂದ ಜಾರಿ ಮೇಜಿನ ಕೆಳಗೆ ಬಿತ್ತು. ಅವರು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಏ ತಾಯಿ, ಕಾಲಾಗೆ ಏನೈತದು?"

"ಮೌಸ್ ಅಜ್ಜಿ," ಅಂದೆ ನಾನು.

ವ್ಯಾಪಾರಿಯೂ ಬಗ್ಗಿ ನೋಡಿದರು. ಪರದೆ ನೋಡಿದರು. ಮತ್ತೆ ಬಗ್ಗಿದರು. "ಅಂದ್ರೆ ನಮ್ಮ ವೀರಭದ್ರನ್ನ... ಕಾಲಾಗೆ ಎತ್ತಾಕೆ ಹೊಂಟಿದ್ರಾ?" ಮಾಮ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಹುಣ್ಣಿಮೆ ಹುಡುಕತೊಡಗಿದ.

ಅತ್ತೆ ಪಾದ ತೆಗೆದು, ಎರಡೂ ಕೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಬಿಚ್ಚಿಟ್ಟಳು ಎಂದೆ, ಆದರೆ ಅವು ಪೂರ್ತಿ ಬಿಚ್ಚುತ್ತಿರಲಿಲ್ಲ.

"ಕೈಯಾಗೆ ಆಗಲ್ಲಮ್ಮಾ. ಈ ಹುಡುಗಿ ಕೈಯಾಗೆ ಒತ್ತಿಸಬಹುದು, ಒಂದು ನಿಮಿಷದ ಕೆಲ್ಸ. ಆದ್ರೆ ಒತ್ತಿಸಿದ್ರೆ ಇದು ನಾನು ಮಾಡಿದ್ದಲ್ಲ. ನಾಡಿದ್ದಿಂದ ಈ ಕುರ್ಚಿಯಾಗೆ ಬ್ಯಾರೆಯೋರು ಕುಂತಿರ್ತಾರೆ. ನಿಮಗೆ ಬ್ಯಾಡ ಅನ್ಸಿದ್ರೆ ಹೇಳ್ರಿ, ಇಲ್ಲಿಗೇ ನಿಲ್ಲಿಸ್ತೀನಿ. ಬೇಜಾರಿಲ್ಲ."

ಬೇಜಾರಿತ್ತು. ಅದು ಅಂಗಡಿಯಲ್ಲಿದ್ದ ಐವರಿಗೂ ಕೇಳಿಸಿತು.

ಅಜ್ಜಿ ಅತ್ತೆಯ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಸಂತೆಯಲ್ಲಿ ತರಕಾರಿ ನೋಡುವ ಹಾಗೆ ಒಂದೊಂದೇ ಗೆಣ್ಣು ಮುಟ್ಟಿ ನೋಡಿದರು. ಆಮೇಲೆ ಕೇಳಿದರು:

"ಗುಡಿಗೆ ಹೆಂಗೆ ಹೋಗ್ತೀಯ?"

"ನಡ್ಕಂಡು ಹೋಗ್ತೀನಿ."

"ಕಾಲಾಗೇ ತಾನೆ? ತಲೆ ಮ್ಯಾಲೆ ಯಾರೂ ಹೋಗಲ್ಲ. ಹೋಗಾಕೆ ಮುಂಚೆ ಏನ್ ಮಾಡ್ತೀಯ?"

"ಕಾಲು ತೊಳ್ಕಂತೀನಿ."

"ಮತ್ತೆ ಏನ್ ನೋಡ್ತೀಯ? ಎದ್ದೋಗಿ ತೊಳ್ಕಂಡು ಬಾ."

ವ್ಯಾಪಾರಿ ಏನೋ ಹೇಳಲು ಬಾಯಿ ತೆರೆದರು. "ನೀನು ಸುಮ್ನಿರು, ನಿನ್ನ ಕಾಲು ನೋಡೀನಿ," ಅಂದರು ಅಜ್ಜಿ.

ಅತ್ತೆ ಹಿಂದಿನ ಬಚ್ಚಲಿಗೆ ಹೋಗಿ ಮೊಣಕಾಲಿನ ತನಕ ತೊಳೆದುಕೊಂಡು ಬಂದಳು. ನಾನು ಟವೆಲ್ ಕೊಡಲು ಹೋದರೆ ಅಜ್ಜಿ ತಡೆದರು. ಮಡಿಯ ಕಾಲು ಮೈಲಿಗೆಯ ಟವೆಲಿನಲ್ಲಿ ಒರೆಸಬಾರದಂತೆ. ಇನ್ನೊಂದು ಕೆಲಸ ಬಾಕಿ ಇದೆ ಎಂದು, ಚೀಲದಿಂದ ಅರಿಶಿನ ಕುಂಕುಮದ ಭರಣಿ ತೆಗೆದು, ಕಷ್ಟಪಟ್ಟು ಬಗ್ಗಿ, ಪೆಡಲಿಗೆ ಹಚ್ಚಿದರು. ಮೂರು ಬೆರಳಲ್ಲಿ ಮೂರು ಗೆರೆ ವಿಭೂತಿಯನ್ನೂ ಎಳೆದರು. ಎದ್ದು ಕೈಮುಗಿದರು. ಅತ್ತೆಯೂ ಮುಗಿದಳು, ವ್ಯಾಪಾರಿಯೂ ಮುಗಿದರು. ಮಾಮ ತನ್ನ ಹಳೆಯ ಚಪ್ಪಲಿಗೆ ಅತ್ಯಂತ ಭಕ್ತಿಯಿಂದ ಕೈಮುಗಿದು ನಿಂತ. ಅದು ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ನಾನೂ ಮುಗಿದೆ. ಇದನ್ನು ಎಲ್ಲಿಯಾದರೂ ಬರೆಯುತ್ತಿರುವುದು ಇದೇ ಮೊದಲು.

ಅತ್ತೆ ಕೂತಳು. ನೀರು ತೊಟ್ಟಿಕ್ಕುವ ಪಾದವನ್ನು ಪೆಡಲಿನ ಮೇಲಿಟ್ಟಳು. ಒತ್ತಿದಳು. ದೇವರ ಸಾಲು ಬಾಣದ ತುದಿಗೆ ಅಂಟಿಕೊಂಡಿತು. ಮೇಲಕ್ಕೆ ಎಳೆದಳು, ಸರಿಯಾದ ಜಾಗಕ್ಕೆ ತಂದಳು, ಪಾದ ಎತ್ತಿದಳು. ಸಾಲು ಬಿಡಲಿಲ್ಲ.

ಪಾದದ ನೀರು ಇಟ್ಟಿಗೆಯ ಸಂದಿಯಿಂದ ಒಳಗಿಳಿದು ಎರಡು ಹಿತ್ತಾಳೆ ಪಟ್ಟಿಗಳ ನಡುವೆ ನಿಂತಿತ್ತು. ಪಟ್ಟಿಗಳು ದೂರವಾದರೂ ನೀರು ಅವನ್ನು ಸೇರಿಸಿಯೇ ಇಟ್ಟಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಅತ್ತೆ ಇನ್ನೂ ಒತ್ತಿಕೊಂಡೇ ಇದ್ದಳು. ಇದು ನನಗೆ ಹೊಳೆಯುವಷ್ಟರಲ್ಲಿ ಅತ್ತೆ ಗಾಬರಿಯಾಗಿ ಮೌಸ್ ಅಲ್ಲಾಡಿಸಿದ್ದಳು. ವೀರಭದ್ರ ವರನ ಹೆಸರಿನ ಮೇಲೆ ಹಾದು, ಮುಹೂರ್ತವನ್ನು ದಾಟಿ, ಪುಟದ ತಳಕ್ಕೆ ಬಂದು 'ಭೋಜನ: ಮಧ್ಯಾಹ್ನ' ಎನ್ನುವ ಸಾಲಿನ ಮೇಲೆ ನಿಂತ.

"ಅಯ್ಯಯ್ಯೋ, ದೇವ್ರು ಊಟಕ್ಕೆ ಹೋದ!" ಅಂದರು ಅಜ್ಜಿ.

"ಸಿಟ್ಟು ಬಂದೈತೆ ಯವ್ವಾ, ನಾನು ಹೇಳಿದ್ನಲ್ಲ," ಅಂದರು ಏನೂ ಹೇಳಿರದಿದ್ದ ವ್ಯಾಪಾರಿ.

"ಬ್ರೇಕ್ ಹಿಡಿಯೇ, ಬ್ರೇಕ್!" ಎಂದು ಮಾಮ ಬಾಗಿಲಿನಿಂದ ಕೂಗಿದ.

ನಾನು ವೈರ್ ಕೀಳಲು ಮುಂದೆ ಹೋದೆ. "ಮುಟ್ಟಬ್ಯಾಡ!" ಅಂದಳು ಅತ್ತೆ. ಅವಳ ದನಿಯನ್ನು ಅಷ್ಟು ಜೋರಾಗಿ ನಾನು ಕೇಳಿದ್ದು ಅದೊಂದೇ ಸಲ. "ಮುಟ್ಟಿದ್ರೆ ನಾನೊಬ್ಳೇ ಮಾಡಿದ್ದಲ್ಲ. ಏನಾಗೈತೆ ಅಷ್ಟು ಹೇಳು."

ಹೇಳಿದೆ. ಒಣಗಿದರೆ ತಾನೇ ಬಿಡುತ್ತದೆ ಎಂದೆ. ಆದರೆ ಬಿಟ್ಟ ಕ್ಷಣದಲ್ಲಿ ದೇವರು ಎಲ್ಲಿರುತ್ತಾನೋ ಅಲ್ಲೇ ಕೂರುತ್ತಾನೆ.

ಅತ್ತೆ ಉಸಿರು ಬಿಟ್ಟಳು. ಅಂಗೈಯಿಂದ ಮೌಸನ್ನು ಮೆಲ್ಲಗೆ ತಳ್ಳುತ್ತ, ಭೋಜನದಿಂದ ಮುಹೂರ್ತಕ್ಕೆ, ಮುಹೂರ್ತದಿಂದ ವಧೂವರರ ನಡುವೆ, ಅಲ್ಲಿಂದ ನೆತ್ತಿಗೆ ದೇವರನ್ನು ಮರಳಿ ತಂದಳು. ತಂದು, ಕೈಯನ್ನು ಅಲ್ಲೇ ನಿಲ್ಲಿಸಿದಳು. ಇನ್ನು ಅಲುಗುವಂತಿರಲಿಲ್ಲ.

ನಾವೂ ಅಲುಗಲಿಲ್ಲ. ಮೇಜು ಅಲ್ಲಾಡಿದರೆ ಎಂದು ವ್ಯಾಪಾರಿ ಹೆಜ್ಜೆ ಹಿಂದಿಟ್ಟು ನಿಂತರು. ಅಜ್ಜಿ ಮಂಗಳಾರತಿಯ ಹೊತ್ತಿನಂತೆ ಕೈ ಜೋಡಿಸಿ ಕಣ್ಣು ಮುಚ್ಚಿದರು. ಜೆರಾಕ್ಸಿಗೆ ಬಂದ ಒಬ್ಬ ಹೆಂಗಸು ಒಳಗಿನ ದೃಶ್ಯ ನೋಡಿ, ಏನೆಂದು ಕೇಳದೆ ತಾನೂ ಚಪ್ಪಲಿ ಬಿಟ್ಟು ಕೈಮುಗಿದು ನಿಂತಳು. ಎರಡು ನಿಮಿಷ. ಮೂರು. ಅತ್ತೆಯ ಮಣಿಕಟ್ಟು ಸಣ್ಣಗೆ ನಡುಗಲು ಶುರುವಾಯಿತು. ಹಣೆಯ ಬೆವರು ಕುಂಕುಮದ ಪಕ್ಕದಿಂದ ಇಳಿಯಿತು. ಪರದೆಯ ಮೇಲೆ ದೇವರ ಹೆಸರೂ ಕೂದಲೆಳೆಯಷ್ಟು ನಡುಗುತ್ತಿತ್ತು.

ಮಾಮ ಕೀಲಿಯನ್ನು ಜೇಬಿಗೆ ಹಾಕಿದ. ಮೂಲೆಯಲ್ಲಿದ್ದ ಟೇಬಲ್ ಫ್ಯಾನನ್ನು ಎತ್ತಿಕೊಂಡು, ಮೇಜಿನ ಕೆಳಗೆ ಮಂಡಿಯೂರಿ, ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಪಾದದ ಪಕ್ಕದ ಪೆಡಲಿಗೆ ಗಾಳಿ ತಿರುಗಿಸಿದ.

"ನೀವು ಕೈ ಹಾಕಂಗಿಲ್ಲ," ಅಂದಳು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

"ಕೈ ಎಲ್ಲಿ ಹಾಕೀನಿ? ಸೆಕೆ ಅಂತ ಫ್ಯಾನ್ ಹಿಡ್ಕಂಡೀನಿ. ಗಾಳಿ ಲೆಕ್ಕಕ್ಕಿಲ್ಲ."

"ಅಲ್ಲಿ ಕುಂತು ಸೆಕೆನಾ?"

"ನನಗೆ ಕಾಲಾಗೇ ಸೆಕೆ ಆಗಾದು. ನೀನು ಮ್ಯಾಲೆ ನೋಡು, ದೇವ್ರು ಬಿದ್ದಾನು."

ಒಟ್ಟು ಹನ್ನೊಂದು ನಿಮಿಷ. ನಾನು ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ಹನ್ನೊಂದನೆಯ ನಿಮಿಷದಲ್ಲಿ ದೇವರ ಸಾಲಿನ ಸುತ್ತ ಇದ್ದ ಚುಕ್ಕೆಗೆರೆ ತಟ್ಟನೆ ಮಾಯವಾಯಿತು. ಅತ್ತೆ ಮೌಸನ್ನು ಒಂದಿಷ್ಟು ಸರಿಸಿ ನೋಡಿದಳು. ಬಾಣ ಬಂತು, ದೇವರು ಬರಲಿಲ್ಲ. ಕೂತುಬಿಟ್ಟಿದ್ದ.

ಪೆನ್ಸಿಲಿನಿಂದ ಫೈಲ್ ಉಳಿಸಿ, ಪ್ರೂಫ್ ಪ್ರಿಂಟ್ ತೆಗೆದು, ಅವಳೇ ಎದ್ದು ಹೋಗಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಸ್ವಲ್ಪ ಎಡಕ್ಕೆ ಆಗೈತಲ್ಲ?"

ಆಗಿತ್ತು. ನಾನು ಸ್ಕೇಲಿನಿಂದ ಅಳೆದೆ, ಮೂರು ಮಿಲಿಮೀಟರ್.

"ಸರಿ ಮಾಡ್ತೀನಿ ಕೊಡ್ರಿ, ಈಗ ಒಣಗೈತೆ," ಅಂದಳು ಅತ್ತೆ.

ಅಜ್ಜಿ ಹಾಳೆಯನ್ನು ಎದೆಗೆ ಹಿಡಿದುಕೊಂಡರು. "ಬ್ಯಾಡ ಬ್ಯಾಡ. ಊರೆಲ್ಲ ಸುತ್ತಿ ಬಂದು ಅವ್ನೇ ಕುಂತ ಜಾಗ. ಮತ್ತೆ ಎಬ್ಬಿಸಬ್ಯಾಡ."

ವ್ಯಾಪಾರಿ ಕಾರ್ಡುಗಳ ಆರ್ಡರ್ ಬರೆಸಿದರು. ಮಾಮ ಮೇಜಿನ ಕೆಳಗಿನಿಂದ ಹೊರಬಂದು, ಪ್ಯಾಂಟಿನ ಮಂಡಿ ಒದ್ದೆಯಾಗಿರುವುದನ್ನು ನೋಡಿಕೊಂಡು, ಫ್ಯಾನನ್ನು ಮೂಲೆಗಿಟ್ಟ. ಅತ್ತೆ ಅವನ ಕಡೆ ನೋಡಲಿಲ್ಲ. ಜೆರಾಕ್ಸಿನ ಹೆಂಗಸನ್ನು ಕರೆದು, "ಎಷ್ಟು ಕಾಪಿನಮ್ಮಾ?" ಎಂದು ಕೇಳುತ್ತಿದ್ದಳು. ನೋಯುವ ಮಣಿಕಟ್ಟನ್ನು ಇನ್ನೊಂದು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಆದರೆ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಒರಗಿದ್ದಳು.

ಮಾಮ ಫೋನ್ ತೆಗೆದುಕೊಂಡು ರಸ್ತೆಗೆ ಇಳಿದ. ಎದುರಿಗೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಹಾಗಾಗಿ ಅವನು ಕೂಗಿಯೇ ಮಾತಾಡಬೇಕಾಯಿತು. ಒಳಗಿದ್ದ ನಮಗೆಲ್ಲರಿಗೂ ಕೇಳಿಸಿತು.

"ಹಲೋ, ಬರಾದು ಬ್ಯಾಡಪ್ಪ... ಇಲ್ಲ ಇಲ್ಲ, ನಿನ್ನ ತಪ್ಪೇನಿಲ್ಲ... ಏನು? ಕೇಳಿಸ್ತಿಲ್ವಾ? ಕುರ್ಚಿ ಖಾಲಿ ಇಲ್ಲ ಕಣಪ್ಪ, ಕುರ್ಚಿ!"